ಎದುರು ಮೇಳವಿಲ್ಲದ ಊರಿನಲ್ಲಿ ಗೀಗೀ ಪದ

ನನಗೆ ಪಗಾರ ಕೊಟ್ಟದ್ದು ರೈಲ್ವೆ, ಆದರೆ ನಾನು ದುಡಿದದ್ದು ಗೀಗೀ ಪದಕ್ಕೆ. ಈ ಮಾತನ್ನು ನನ್ನ ಹಳೆಯ ಸಾಹೇಬರು ಓದಿದರೆ ಓದಲಿ. ನಿವೃತ್ತಿಯಾಗಿ ಪಿಂಚಣಿ ಕಾಗದವೂ ಕೈಗೆ ಬಂದಿದೆ, ಇನ್ನೇನು ಮಾಡಿಯಾರು?

ಕೋಲ್ಕತ್ತಾದ ನಮ್ಮ ಕನ್ನಡ ಸಂಘದಲ್ಲಿ ಈಗ ಏಳೆಂಟು ಮಂದಿ ಹುಡುಗ ಹುಡುಗಿಯರು ಗೀಗೀ ಪದಕ್ಕೆ ಬಾರಿಸುವ ದಪ್ಪು ಹಿಡಿಯಲು ಕಲಿಯುತ್ತಿದ್ದಾರೆ. ಅವರಿಗಾಗಿ ನಾಲ್ಕು ಮಾತು ಬರೆದುಕೊಡಿ ಎಂದರು. ಬರೆಯುತ್ತೇನೆ. ಆದರೆ ನನಗೆ ಯಾರು ಶಾಲು ಹೊದಿಸಿದರು, ಯಾವ ವೇದಿಕೆಯಲ್ಲಿ ಎಷ್ಟು ಚಪ್ಪಾಳೆ ಬಿತ್ತು, ಅದೆಲ್ಲ ಇಲ್ಲಿ ಸಿಗುವುದಿಲ್ಲ. ಶಾಲುಗಳೆಲ್ಲ ಟ್ರಂಕಿನಲ್ಲಿ ಇವೆ, ಬೇಕಾದವರು ಬಂದು ನೋಡಬಹುದು. ನಾನು ಹೇಳುವುದು ನಾನು ಎಲ್ಲಿ ಎಡವಿದೆ ಎಂಬುದನ್ನು. ಅದೇ ನಿಮಗೆ ಉಪಯೋಗಕ್ಕೆ ಬರುವುದು.

ಮೊದಲು ಗೊತ್ತಿಲ್ಲದವರಿಗೆ ಒಂದು ಮಾತು. ಗೀಗೀ ಪದದಲ್ಲಿ ಎರಡು ಮೇಳ ಎದುರುಬದುರು ನಿಲ್ಲುತ್ತವೆ. ಹರದೇಶಿ ಮೇಳದವರು ಗಂಡು ಹೆಚ್ಚು ಎನ್ನುತ್ತಾರೆ, ನಾಗೇಶಿ ಮೇಳದವರು ಹೆಣ್ಣು ಹೆಚ್ಚು ಎನ್ನುತ್ತಾರೆ. ಒಬ್ಬರು ಹಾಡಿನಲ್ಲೇ ಸವಾಲು ಹಾಕಬೇಕು, ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಸವಾಲು ಮುಗಿದ ಮೇಲೆ ಹಿಂದೆ ನಿಂತವರು ಮೂರು ಸಲ ‘ಗೀ ಗೀ’ ಎನ್ನುತ್ತಾರೆ. ಅಷ್ಟರೊಳಗೆ ಜವಾಬು ಹೊರಡದಿದ್ದರೆ ಸೋತಂತೆ. ನಾನು ಹರದೇಶಿಯವನು.

ಹುನಗುಂದದ ಹತ್ತಿರದ ನಮ್ಮೂರಿನಲ್ಲಿ ನನಗೆ ಕಲಿಸಿದವರು ಮಲ್ಲಪ್ಪ ಮಾಸ್ತರು. ಅವರು ಶಾಲೆಯ ಮಾಸ್ತರಲ್ಲ, ದರ್ಜಿ. ಹೊಲಿಗೆ ಯಂತ್ರದ ಮುಂದೆ ನನ್ನನ್ನು ಕೂಡಿಸಿಕೊಂಡು, ತಾವು ಕಾಲಿನಿಂದ ಯಂತ್ರ ತುಳಿಯುತ್ತ, ಆ ತುಳಿತಕ್ಕೆ ಸರಿಯಾಗಿ ನನ್ನಿಂದ ಪದ ಹೇಳಿಸುತ್ತಿದ್ದರು. ತಾಳ ತಪ್ಪಿದರೆ ಅಳತೆಪಟ್ಟಿಯಿಂದಲೇ ಬೆನ್ನಿಗೆ ಒಂದು ಬೀಳುತ್ತಿತ್ತು. “ಲೇ ಬಸ್ಯಾ, ತಡಾ ಮಾಡಿ ಹೇಳಿದ್ದು ಜವಾಬ ಅಲ್ಲಲೇ, ಸಬೂಬು!” ಎಂದು ಬೈಯುತ್ತಿದ್ದರು. ನನ್ನ ನಾಲಿಗೆ ಚುರುಕಾದದ್ದು ಆ ಯಂತ್ರದ ಮುಂದೆ.

ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ನೌಕರಿ ಸಿಕ್ಕು ಸಿಯಾಲ್ದಾಕ್ಕೆ ಬಂದಾಗ ನನ್ನ ಬಳಿ ಒಂದು ಟ್ರಂಕು, ಒಂದು ದಪ್ಪು ಮತ್ತು ಮದುವೆಯಾಗಿ ಎಂಟು ತಿಂಗಳಾಗಿದ್ದ ನೀಲವ್ವ ಇದ್ದರು. ನೀಲವ್ವನ ಹೆಸರನ್ನು ಕೊನೆಗೆ ಬರೆದೆ ಎಂದು ಅವಳು ಈಗಲೂ ಬೈದಾಳು. ಬೈಯಲಿ, ಆಗ ನಾನು ಇಟ್ಟುಕೊಂಡಿದ್ದ ಲೆಕ್ಕವೇ ಹಾಗಿತ್ತು.

ಈ ಊರಿನ ಹವೆಗೆ ದಪ್ಪು ಒಗ್ಗಲಿಲ್ಲ. ಬಂಗಾಲಿಗಳು ‘ಭ್ಯಾಪ್ಸಾ’ ಎನ್ನುವ ಆ ಬೆವರಿನ ಸೆಕೆಯಲ್ಲಿ ತೊಗಲು ಮೆತ್ತಗಾಗಿ, ಬಾರಿಸಿದರೆ ಒದ್ದೆ ಗೋಣಿಚೀಲ ಬಡಿದಂತೆ ಸದ್ದು ಬರುತ್ತಿತ್ತು. ಜಾಣ ನಾನು ಅದನ್ನು ಸೀದಾ ಗ್ಯಾಸಿನ ಉರಿಯ ಮೇಲೆ ಹಿಡಿದೆ. ಅಂಗೈ ಅಗಲ ತೂತು ಬಿತ್ತು. ಚಿತ್ಪುರದ ವಾದ್ಯದ ಅಂಗಡಿಯ ಮುದುಕ ಹೊಸ ತೊಗಲು ಏರಿಸಿಕೊಟ್ಟ, ಜೊತೆಗೆ ಬಂಗಾಲಿಯಲ್ಲಿ ಚೆನ್ನಾಗಿ ಉಗಿದೂ ಕಳಿಸಿದ. ಆಮೇಲೆ ಉಪಾಯ ಹುಡುಕಿದವಳು ನೀಲವ್ವ. ರೊಟ್ಟಿ ಬೇಯಿಸಿ ಒಲೆ ಆರಿಸಿದ ಮೇಲೆ ಹಂಚಿನಲ್ಲಿ ಕಾವು ಉಳಿದಿರುತ್ತದಲ್ಲ, ಅದರೆದುರು ದಪ್ಪನ್ನು ಗೋಡೆಗೆ ಆನಿಸಿ ನಿಲ್ಲಿಸುತ್ತಿದ್ದಳು. ಇಪ್ಪತ್ತು ನಿಮಿಷಕ್ಕೆ ತೊಗಲು ಠಣ್ ಎನ್ನುತ್ತಿತ್ತು.

ದನಿಯ ವಿಷಯದಲ್ಲೂ ಅಷ್ಟೆ. ಹಿಂದಿನಿಂದ ಗೀ ಅನ್ನುವವರಿಲ್ಲದೆ ಈ ಪದ ನಡೆಯುವುದಿಲ್ಲ. ಕೋಲ್ಕತ್ತಾದಲ್ಲಿ ಯಾರನ್ನು ತರಲಿ? ನೀಲವ್ವ ಕಾಯಿಪಲ್ಯ ಹೆಚ್ಚುತ್ತ, ಬಟ್ಟೆ ಮಡಚುತ್ತ ಗೀ ಅನ್ನುತ್ತಿದ್ದಳು. ತೆಳುವಾದ, ಸೂಜಿಯಂಥ ಚೊಕ್ಕ ದನಿ. ನಾನು ಅರ್ಧ ಶ್ರುತಿ ಇಳಿದರೆ ಅವಳು ಇಳಿಯುತ್ತಿರಲಿಲ್ಲ, ನಾನೇ ಮತ್ತೆ ಅವಳ ಬಳಿಗೆ ಏರಬೇಕಾಗುತ್ತಿತ್ತು. ಹದಿನಾರು ವರ್ಷ ಹೀಗೇ ನಡೆಯಿತು.

ನನ್ನ ಮೇಲಧಿಕಾರಿ ದತ್ತಾ ಸಾಹೇಬರು ಬಂಗಾಲಿ, ಹಳ್ಳಿಯಿಂದ ಬಂದವರು. ಒಮ್ಮೆ ನಮ್ಮ ಡಿಪೋದಲ್ಲಿ ವಿಶ್ವಕರ್ಮ ಪೂಜೆಯ ದಿನ ಎಲ್ಲರೂ ಒತ್ತಾಯ ಮಾಡಿದರೆಂದು ಒಂದು ಪದ ಹಾಡಿದೆ. ಅರ್ಥವನ್ನು ಹಿಂದಿಯಲ್ಲಿ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ದತ್ತಾ ಸಾಹೇಬರು ಮಾತ್ರ ತಟ್ಟಲಿಲ್ಲ.

“ದೂಸ್ರಾ ಪಾರ್ಟಿ ಕಿಧರ್ ಹೈ?” ಎಂದರು.

ಇಲ್ಲ ಸಾಹೇಬ್, ನಾನೊಬ್ಬನೇ ಎಂದೆ. ಅವರು ತಲೆ ಅಲ್ಲಾಡಿಸಿದರು. ತಮ್ಮೂರಿನಲ್ಲಿಯೂ ಇಬ್ಬರು ಕವಿಗಳು ಎದುರು ನಿಂತು ಹಾಡುವ ಪದ್ಧತಿ ಉಂಟಂತೆ, ಕವಿಗಾನ ಎನ್ನುತ್ತಾರಂತೆ. “ಅಕೇಲಾ ಗಾಯೇಗಾ ತೋ ಗಾನಾ ನಹೀ ಹೈ ಬಸವರಾಜ್, ಖಾಲಿ ಗಾಲಿ ಹೈ,” ಎಂದರು. ಒಬ್ಬನೇ ಹಾಡಿದರೆ ಅದು ಹಾಡಲ್ಲ, ಬರೀ ಬೈಗುಳ ಎಂದು. ಸಿಗ್ನಲ್ಲಿನ ತಂತಿ ಬಿಟ್ಟು ಇವರಿಗೇನು ಗೊತ್ತು ಎಂದು ನಾನು ಮನಸ್ಸಿನಲ್ಲೇ ನಕ್ಕೆ. ಹಿರಿಯರು ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳದ ಸೊಕ್ಕು ನನಗೆ ಮೊದಲಿನಿಂದಲೂ ಇತ್ತು.

ಮರುವರ್ಷ ಸಂಘದ ರಾಜ್ಯೋತ್ಸವದಲ್ಲಿ ನನಗೆ ಹತ್ತು ನಿಮಿಷ ಕೊಟ್ಟರು. ಹಿಂದೆ ನಿಲ್ಲಲು ನೀಲವ್ವನನ್ನು ಕರೆದೆ. ಅವಳು ಒಲ್ಲೆ ಎಂದಳು, ಅಷ್ಟು ಮಂದಿಯ ಮುಂದೆ ನಿಂತವಳಲ್ಲ. ನಾನು ಬಿಡಲಿಲ್ಲ. ಇಳಕಲ್ ಸೀರೆ ಉಟ್ಟು ನನ್ನ ಹಿಂದೆ ಬಂದು ನಿಂತಳು. ಸಭೆಯಲ್ಲಿ ಮೈಸೂರಿನವರು, ಮಂಗಳೂರಿನವರು, ಬೆಂಗಳೂರಿನವರು. ಗೀಗೀ ಪದ ಕೇಳಿದವರು ಹತ್ತು ಮಂದಿಯೂ ಇರಲಿಲ್ಲ. ನಾನು ಎತ್ತಿಕೊಂಡೆ:

ಕೂಡಿಟ್ಟದ್ದು ಗಂಡಸು, ಕೆಡಿಸಿಟ್ಟದ್ದು ಹೆಂಗಸು,
ನೋಡನೋಡತ ಮನಿಯೆಲ್ಲ ಮೂರಾಬಟ್ಟೆ!

ನಮ್ಮ ಕಡೆಯಾದರೆ ಇದನ್ನು ಕೇಳುತ್ತಲೇ ಜನ ನಾಗೇಶಿಯ ಕಡೆ ತಿರುಗುತ್ತಾರೆ, ಈಗ ಇವಳು ಏನು ತಿರುಗಿ ಕೊಡುತ್ತಾಳೋ ಎಂದು. ಇಲ್ಲಿ ತಿರುಗಿ ನೋಡಲು ಯಾರಿದ್ದರು? ಒಂದರ ಮೇಲೊಂದು ಏಳು ನುಡಿ ಹೆಂಗಸರನ್ನು ಹಳಿದೆ. ಪ್ರತಿ ನುಡಿಗೂ ನನ್ನ ಹಿಂದಿನಿಂದ ನೀಲವ್ವ ಗೀ ಅಂದಳು. ನಾಲ್ಕನೆಯ ನುಡಿಗೆ ಮುಂದಿನ ಸಾಲಿನ ಹೆಂಗಸರು ಎದ್ದರು. ಆರನೆಯದಕ್ಕೆ ಅರ್ಧ ಸಭೆ ಖಾಲಿಯಾಯಿತು. ನಾನು ಕಣ್ಣು ಮುಚ್ಚಿ ಹಾಡುವವನು, ಮುಗಿದ ಮೇಲೆ ಕಣ್ಣು ತೆರೆದರೆ ಬರೀ ಕುರ್ಚಿಗಳು.

ಸಂಘದ ಅಧ್ಯಕ್ಷರು ಮೈಸೂರಿನವರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ವೇದಿಕೆಯ ಪಕ್ಕದಲ್ಲೇ ಹಿಡಿದುಕೊಂಡರು. “ಏನ್ರೀ ಬಸವರಾಜ್ ಇದು? ಹೆಣ್ಮಕ್ಕಳನ್ನ ಮುಂದೆ ಕೂರಿಸ್ಕೊಂಡು ಹೀಗಾ ಹಾಡೋದು? ಇನ್ಮೇಲೆ ನಿಮಗೆ ಸ್ಟೇಜ್ ಇಲ್ಲ, ಅಷ್ಟೇ.” ಅದನ್ನಾದರೂ ತಡೆದುಕೊಂಡೆ. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಒಬ್ಬ ಹೆಂಗಸು ನೀಲವ್ವನಿಗೆ, “ಅವರೇನೋ ಹಾಡಿದ್ರು ಬಿಡಿ, ನೀವೂ ಹಿಂದೆ ನಿಂತ್ಕೊಂಡು ಹೌದು ಹೌದು ಅಂತೀರಲ್ರೀ!” ಎಂದು ಹೋದಳು. ನೀಲವ್ವನ ಮುಖ ಕಪ್ಪಿಟ್ಟಿತು.

ಮನೆಗೆ ಬಂದ ಮೇಲೆ ನಾನು ಒಂದು ಮಾತು ಆಡಬೇಕಿತ್ತು. ಆಡಲಿಲ್ಲ. ಬದಲಿಗೆ ಒಂದು ತಾಸು ಭಾಷಣ ಮಾಡಿದೆ. ಈ ಜನಕ್ಕೆ ಕಲೆ ಗೊತ್ತಿಲ್ಲ, ಹರದೇಶಿ ಅಂದರೆ ಏನೆಂದು ತಿಳಿಯದವರು, ತಪ್ಪು ಕೇಳಿದವರದು. ನೀಲವ್ವ ಇಳಕಲ್ ಸೀರೆಯನ್ನು ಮಡಿಕೆ ಹಾಕುತ್ತ ಎಲ್ಲವನ್ನೂ ಕೇಳಿದಳು. ಕೊನೆಗೆ, “ಆತ್ರಿ. ಇನ್ನ ಮ್ಯಾಲ ನಿಮ್ಮ ಹಿಂದ ನಾ ಗೀ ಅನ್ನೂದಿಲ್ಲ,” ಎಂದಳು.

ಸಿಟ್ಟು ನಾಲ್ಕು ದಿನಕ್ಕೆ ಇಳಿದೀತು ಎಂದುಕೊಂಡೆ. ಸಿಟ್ಟು ಇಳಿಯಿತು, ಮಾತು ನಗೆ ಎಲ್ಲ ಮೊದಲಿನಂತೆಯೇ ಆಯಿತು, ಆದರೆ ಗೀ ಮಾತ್ರ ಬರಲಿಲ್ಲ. ಆರು ವರ್ಷ! ದಪ್ಪನ್ನು ಹಂಚಿನ ಮುಂದೆ ಇಡುತ್ತಿದ್ದಳು, ಕಾಯಿಸಿ ತಂದು ಕೈಗೆ ಕೊಡುತ್ತಿದ್ದಳು, ನಾನು ಪದ ಎತ್ತಿದ ಕೂಡಲೇ ಎದ್ದು ಒಳಗೆ ಹೋಗುತ್ತಿದ್ದಳು. ನಾನೇ ಟೇಪ್ ರೆಕಾರ್ಡರಿನಲ್ಲಿ ಗೀ ಗೀ ಎಂದು ತುಂಬಿಟ್ಟುಕೊಂಡು ಅದರ ಜೊತೆ ಹಾಡಿ ನೋಡಿದೆ. ಸೆಲ್ಲು ಇಳಿದಂತೆ ದನಿಯೂ ಎಳೆಯುತ್ತ ಎಳೆಯುತ್ತ ಎಮ್ಮೆ ಕೂಗಿದಂತಾಯಿತು. ಕುಕ್ಕರಿನ ಸೀಟಿ ಒಂದೇ ನನಗೆ ಆಗೀಗ ಗೀ ಅನ್ನುತ್ತಿದ್ದದ್ದು. ನಗಬೇಡಿ. ಆ ಚೊಕ್ಕ ದನಿ ಇಲ್ಲದೆ ನನಗೆ ಹಾಡು ಬೇಡವಾಗಿತ್ತು, ಅವಳ ದನಿ ಮರಳಿ ಬರಬೇಕೆಂಬ ಆಸೆಯಲ್ಲಿ ನಾನು ಒಳಗೊಳಗೇ ಒಣಗುತ್ತಿದ್ದೆ. ಆದರೆ ಬಾಯಿ ಬಿಟ್ಟು ಹೇಳಿದೆನೇ? ಊಹೂಂ.

ಅಷ್ಟರಲ್ಲಿ ಸೆಕ್ಟರ್ ಫೈವ್‌ನಲ್ಲಿ ಒಂದರ ಪಕ್ಕ ಒಂದು ಐಟಿ ಕಂಪನಿಗಳ ಗಾಜಿನ ಕಟ್ಟಡಗಳು ಏಳತೊಡಗಿದವು. ಅದುವರೆಗೆ ನಮ್ಮ ಸಂಘವೆಂದರೆ ರೈಲ್ವೆಯವರು, ಬ್ಯಾಂಕಿನವರು, ಜೋಕಾದ ಮ್ಯಾನೇಜ್‌ಮೆಂಟ್ ಕಾಲೇಜಿನ ಒಬ್ಬಿಬ್ಬರು ಪ್ರೊಫೆಸರರು, ಎಲ್ಲ ತಲೆ ನೆರೆತವರೇ. ಈಗ ಕೊರಳಲ್ಲಿ ಕಂಪನಿಯ ಪಟ್ಟಿ ಇಳಿಬಿಟ್ಟ ಎಳೆಯ ಮಂದಿ ಯುಗಾದಿಯ ಊಟಕ್ಕೆ ಬರತೊಡಗಿದರು. ಅಂಥ ಒಂದು ಊಟದಲ್ಲಿ ನಾನು ಪಾಯಸ ಬಡಿಸುತ್ತ ಏನೋ ಗುನುಗುತ್ತಿದ್ದೆ. ಎಲೆಯ ಮುಂದೆ ಕೂತಿದ್ದ ಹುಡುಗಿ ತಲೆ ಎತ್ತದೆ ಅದೇ ಧಾಟಿಯಲ್ಲಿ ಅಂದಳು:

ಬಡಸಾಂವ ನೀನಾದರ ಬಡಿವಾರ ಯಾಕೋ,
ಕಡದ ಪಾಯಸ ಕುದಿಸಿದ ಕೈ ಯಾರದೊ?

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಜವಾಬು! ಕೋಲ್ಕತ್ತಾದಲ್ಲಿ! 

“ಯಾವೂರ ತಂಗಿ?” ಎಂದೆ.

“ಇಂಡಿ ಕಡೀದಾಕಿ ರೀ ಕಾಕಾ. ರೇಷ್ಮಾ ಅಂತ. ನಮ್ಮ ಅಜ್ಜಿ ನಾಗೇಶಿ ಹಾಡತಿದ್ಲು. ನೀವು ಹರದೇಶಿ ಏನ್ರಿ?”

“ಏನ ಕೆಲಸಾ ಮಾಡ್ತಿ?”

“ಟೆಸ್ಟಿಂಗ್ ರೀ. ಬ್ಯಾರೇದವರು ಬರದ ಪ್ರೋಗ್ರಾಮಿನಾಗ ತಪ್ಪ ಹುಡುಕೂದು.”

ತಪ್ಪು ಹುಡುಕುವುದೇ ನೌಕರಿ ಆಗಿರುವವಳು ನನಗೆ ಎದುರಾಳಿಯಾಗಿ ಸಿಕ್ಕಳು! ಆ ದಿನ ನಾನು ಉಳಿದವರಿಗೆ ಪಾಯಸ ಬಡಿಸಿದೆನೋ ಇಲ್ಲವೋ ನೆನಪಿಲ್ಲ. ಮನೆಗೆ ಬರುತ್ತಲೇ ನೀಲವ್ವನಿಗೆ, “ಎದುರು ಮೇಳ ಸಿಕ್ಕೇತಿ!” ಎಂದು ಕೂಗಿದೆ. ಅವಳು, “ಹೌದಾ? ಊಟಕ್ಕ ಕರೀರಿ ಆ ಹುಡುಗೀನ,” ಎಂದಷ್ಟೇ ಹೇಳಿದಳು.

ಪ್ರತಿ ರವಿವಾರ ಮಧ್ಯಾಹ್ನ ರೇಷ್ಮಾ ಸಾಲ್ಟ್ ಲೇಕಿನಿಂದ ಬಸ್ಸು ಹಿಡಿದು ನಮ್ಮ ಕ್ವಾರ್ಟರ್ಸಿಗೆ ಬರತೊಡಗಿದಳು. ಅವಳ ಪದ ಕಲಿಯುವ ರೀತಿ ನೋಡಿ ನನಗೆ ಸೋಜಿಗವಾಗುತ್ತಿತ್ತು. ನಾವು ಮಾಸ್ತರರ ಕಾಲಬಳಿ ವರ್ಷಗಟ್ಟಲೆ ಕೂತು ಬಾಯಿಪಾಠ ಮಾಡಿದವರು. ಇವಳು ಮೊಬೈಲಿನಲ್ಲಿ ಇಂಡಿಯ ಅಜ್ಜಿಗೆ ಫೋನ್ ಹಚ್ಚಿ, ಅಜ್ಜಿ ಕೆಮ್ಮುತ್ತ ಹಾಡಿದ್ದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿಕೊಂಡು, ಆಫೀಸಿನ ಕ್ಯಾಬಿನಲ್ಲಿ ಕೂತು ಗಟ್ಟಿ ಮಾಡುತ್ತಿದ್ದಳು. ನಾನು ಮೊದಲು ಮೂಗು ಮುರಿದೆ. ಆದರೆ ಅವಳ ತಾಳ ತಪ್ಪುತ್ತಿರಲಿಲ್ಲ. ಪದ ಹೊಟ್ಟೆಗೆ ಇಳಿದರೆ ಸಾಕು, ಯಾವ ದಾರಿಯಿಂದ ಇಳಿದರೇನು ಎಂದು ಆಮೇಲೆ ಒಪ್ಪಿಕೊಂಡೆ.

ಈಗ ಕಟ್ಟಳೆಯ ಮಾತು. ಎದುರು ಮೇಳದವರು ತಯಾರಿ ಮಾಡುವಾಗ ನಾವು ಕೇಳಬಾರದು. ಸವಾಲು ಮೊದಲೇ ತಿಳಿದರೆ ಅದು ನಾಟಕವಾಗುತ್ತದೆ. ಹಾಗಾಗಿ ರೇಷ್ಮಾ ಬರುತ್ತಲೇ ನಾನು ಚಪ್ಪಲಿ ಮೆಟ್ಟಿ ಹೊರಗೆ ಹೊರಡುತ್ತಿದ್ದೆ. ಸ್ಟೇಷನ್ನಿನ ಹೊರಗೆ ಮಣ್ಣಿನ ಪುಟ್ಟ ಕುಡಿಕೆಯಲ್ಲಿ ಎರಡೆರಡು ಚಹಾ ಕುಡಿದು, ತರಕಾರಿ ಬಜಾರಿನ ಗದ್ದಲದಲ್ಲಿ ಸುತ್ತಾಡಿ, ಎರಡು ತಾಸು ಕಳೆದು ಬರುತ್ತಿದ್ದೆ. ಬಂದಾಗ ಇಬ್ಬರೂ ಅಡುಗೆಮನೆಯಲ್ಲಿ ಮುರಿಯಲ್ಲಿ ಗಿರಮಿಟ್ಟು ಮಾಡಿ ತಿನ್ನುತ್ತ ಕೂತಿರುತ್ತಿದ್ದರು. ಇಲ್ಲಿನ ಮುರಿ ಎಂದರೆ ನಮ್ಮ ಮಂಡಕ್ಕಿಯೇ. ಎಷ್ಟು ಪ್ರಾಮಾಣಿಕ ನಾನು, ಕಟ್ಟಳೆ ಮುರಿಯದವನು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಆರು ತಿಂಗಳ ಮೇಲೆ ಅಧ್ಯಕ್ಷರ ಬಳಿ ಹೋದೆ. “ಉತ್ತರ ಕೊಡೋರು ಇದ್ದಾರೆ ತಾನೇ?” ಎಂದು ಮೂರು ಸಲ ಕೇಳಿದರು. ಇದ್ದಾರೆ ಎಂದೆ. ಭಾನುವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಹಾಲ್ ಕೊಟ್ಟರು.

ಹಾಲ್ ತುಂಬಿತ್ತು. ಅಂದು ಎದ್ದುಹೋಗಿದ್ದ ಹೆಂಗಸರೂ ಬಂದಿದ್ದರು, ಕೈಕಟ್ಟಿ ಕೂತಿದ್ದರು. ನನ್ನ ಹಿಂದೆ ಅಂಚೆ ಇಲಾಖೆಯ ಪಾಟೀಲ. ರೇಷ್ಮಾಳ ಹಿಂದೆ ಅವಳ ಆಫೀಸಿನ ಇಬ್ಬರು ಹುಡುಗಿಯರು, ಒಬ್ಬಳು ಮಂಗಳೂರಿನವಳು, ಒಬ್ಬಳು ತುಮಕೂರಿನವಳು. ಪಾಪ, ಅವರ ಗೀ ಸೊಳ್ಳೆಯ ಗುಂಯ್‌ನಂತಿತ್ತು. ನೀಲವ್ವ ಮೂರನೆಯ ಸಾಲಿನಲ್ಲಿ ಕೂತಿದ್ದಳು. ನಾನು ಸವಾಲು ಹಾಕಿದೆ:

ಮಳಿಯಾಗ ಚಳಿಯಾಗ ಹಳಿ ಕಾದಾಂವ ಗಂಡಸು,
ಒಳಗ ಕುಂತಾಕಿಗೆ ಹೊರಗಿನ ತಂಡಿ ಏನ ಗೊತ್ತೊ?

ಗಂಡಸರು ಹೋ ಎಂದರು. ಎರಡನೆಯ ಗೀ ಮುಗಿಯುವ ಮೊದಲೇ ರೇಷ್ಮಾ ಎತ್ತಿದಳು:

ದಣದ ಬಂದಾಂವನ ಹಸಿವಿ ನೋಡಿ ಅಳದಾಳೊ,
ಹೊರಗಿನ ತಂಡಿ ಎಷ್ಟಂತ ಒಳಗ ಕುಂತಾಕಿ!

ಹಾಲ್ ಹಾರಿಹೋಗುವಂಥ ಚಪ್ಪಾಳೆ. ನನಗೂ ಮೈ ಜುಮ್ಮೆಂದಿತು. ಅಜ್ಜಿಯ ಪದ ಭಾಳ ಛಲೋ ಅದ ಎಂದುಕೊಂಡೆ. ಮೂರು ಸುತ್ತು ನಾನು ಬಿಡಲಿಲ್ಲ, ಅವಳೂ ಬಿಡಲಿಲ್ಲ. ನಾಲ್ಕನೆಯ ಸುತ್ತಿಗೆ ಅವಳ ಸವಾಲು:

ದಪ್ಪ ಹಿಡದಾಂವ ನೀನು, ದನಿ ತಗದಾಂವ ನೀನು,
ಮೆತ್ತಗಾದ ತೊಗಲಿಗೆ ಹಂಚಿನ ಕಾವ ಕೊಟ್ಟಾಕಿ ಯಾರೊ?

ಇಂಡಿಯ ಅಜ್ಜಿಗೆ ನಮ್ಮ ಮನೆಯ ಹಂಚಿನ ಸುದ್ದಿ ಹೇಗೆ ಗೊತ್ತಾಯಿತು? ಮೂರನೆಯ ಸಾಲಿನ ಕಡೆ ನೋಡಿದೆ. ನೀಲವ್ವ ತಲೆ ಎತ್ತಿ ಸೀಲಿಂಗ್ ಫ್ಯಾನನ್ನು ಬಹಳ ಲಕ್ಷ್ಯದಿಂದ ನೋಡುತ್ತಿದ್ದಳು. ಆಗ ನನಗೆ ತಿಳಿಯಿತು. ನಾನು ಸ್ಟೇಷನ್ನಿನ ಹೊರಗೆ ಚಹಾ ಕುಡಿಯುತ್ತಿದ್ದ ಅಷ್ಟೂ ರವಿವಾರ ನನ್ನ ಅಡುಗೆಮನೆಯಲ್ಲಿ ಬರೀ ಗಿರಮಿಟ್ಟು ತಯಾರಾಗಿರಲಿಲ್ಲ. ದನಿ ರೇಷ್ಮಾಳದು, ಪದ ನೀಲವ್ವನದು. ಹದಿನಾರು ವರ್ಷ ನನ್ನ ಹಿಂದೆ ನಿಂತು ಕೇಳಿದವಳು ಕೇಳುತ್ತಲೇ ಕಟ್ಟುವುದನ್ನೂ ಕಲಿತಿದ್ದಳು. ಮಲ್ಲಪ್ಪ ಮಾಸ್ತರರ ಕೈಯಲ್ಲಿ ಹನ್ನೊಂದು ವರ್ಷ ಪೆಟ್ಟು ತಿಂದ ನನಗೆ ಅಂಥ ಒಂದು ಸಾಲು ಒಲಿದಿರಲಿಲ್ಲ.

ಹೊಟ್ಟೆಕಿಚ್ಚಾಗಬೇಕಿತ್ತು. ಆಗಲಿಲ್ಲ. ಎದೆ ಇಷ್ಟಗಲ ಉಬ್ಬಿತು. ಕೇಳ್ರಪಾ, ಇದನ್ನು ಕಟ್ಟಿದವಳು ನನ್ನ ಹೆಂಡತಿ ಎಂದು ಅಲ್ಲೇ ಕೂಗಿಬಿಡಬೇಕೆನಿಸಿತು. ಹೇಗೋ ಮಾಡಿ ಒಂದು ಜವಾಬು ಕಟ್ಟಿ ಆ ಸುತ್ತು ದಾಟಿದೆ.

ಐದಕ್ಕೆ ಹತ್ತು ನಿಮಿಷವಿತ್ತು. ಕೊನೆಯ ಸುತ್ತು, ಸವಾಲು ನಾಗೇಶಿಯದು. ರೇಷ್ಮಾ ಹಾಡಲಿಲ್ಲ. ಪಕ್ಕಕ್ಕೆ ಸರಿದು, “ಕಾಕು, ಬರ್ರಿ,” ಎಂದಳು. ನೀಲವ್ವ ಎದ್ದಳು. ಸೆರಗು ಸರಿಮಾಡಿಕೊಂಡು, ಯಾರೂ ಕೈ ಹಿಡಿಯದೆ ಮೆಟ್ಟಿಲು ಹತ್ತಿ, ನನ್ನ ಎದುರಿಗೆ ಬಂದು ನಿಂತಳು. ಕಣ್ಣು ನೆಟ್ಟಗೆ ನನ್ನ ಮುಖದ ಮೇಲೆ. ಆರು ವರ್ಷ ಕೇಳದ ಆ ಚೊಕ್ಕ ದನಿ ಮೇಲೆದ್ದಿತು:

ಹಾಡಿನ್ಯಾಗ ಬೈದಿ, ಬೈಗಳಕ ನನ್ನಿಂದ ಗೀ ಅನಸಿದಿ,
ಆಡಿದ್ದ ತಪ್ಪಾತು ಅನ್ನೂ ನಾಲಿಗಿ ಯಾವ ಸಂತ್ಯಾಗ ಮಾರಿದಿ?

ಮುಂದಿನ ಸಾಲಿನ ಹೆಂಗಸರ ಕಟ್ಟಿದ ಕೈ ಬಿಚ್ಚಿದ್ದನ್ನು ನೋಡಿದೆ. ರೇಷ್ಮಾ ಮತ್ತು ಹುಡುಗಿಯರು ಗೀ ಎಂದರು, ಒಂದು. ನನಗೆ ಜವಾಬು ಬರಲಿಲ್ಲವೆಂದಲ್ಲ. ಮಾತಿಗೆ ಮಾತು ಹೆಣೆದು ಪಾರಾಗುವಂಥ ನಾಲ್ಕು ಜವಾಬು ನಾಲಿಗೆಯ ತುದಿಯಲ್ಲಿದ್ದವು. ಹರದೇಶಿಯವನಿಗೆ ಅವು ಯಾವಾಗಲೂ ಇರುತ್ತವೆ. ಗೀ ಎಂದರು, ಎರಡು. ಹಾಡಿದರೆ ಗೆಲ್ಲುತ್ತೇನೆ, ಗೆದ್ದು ಮನೆಗೆ ಹೋಗುತ್ತೇನೆ, ಮತ್ತೆ ಅವಳು ಎದ್ದು ಒಳಗೆ ಹೋಗುವುದು, ಮತ್ತೆ ಆ ಕುಕ್ಕರಿನ ಸೀಟಿ. ಮೂರನೆಯ ಗೀ ಏಳುವಷ್ಟರಲ್ಲಿ ಬಾಯಿ ತೆರೆದೆ. ಕಣ್ಣು ಮುಚ್ಚಲಿಲ್ಲ.

ಸಂತ್ಯಾಗ ಮಾರಿಲ್ಲ, ಸೊಕ್ಕಿನ್ಯಾಗ ಮುಚ್ಚಿಟ್ಟೆ,
ನಿಂತ ಹೇಳತೀನಿ ತಪ್ಪಾತು ನೀಲವ್ವಾ, ನಾ ಸೋತೆ.

ಕೊನೆಯ ಸಾಲು ಧಾಟಿ ಬಿಟ್ಟು ಎಲ್ಲೆಲ್ಲೋ ಹೋಯಿತು. ಪಾಟೀಲ ಗೀ ಅನ್ನುವುದನ್ನು ಮರೆತು ಬಾಯಿ ತೆರೆದು ನಿಂತಿದ್ದ. ಚಪ್ಪಾಳೆ ಶುರುವಾಯಿತು. ನೀಲವ್ವ ಕೈ ಎತ್ತಿ ಅದನ್ನು ನಿಲ್ಲಿಸಿದಳು.

“ಧಾಟಿ ತಪ್ಪೇತ್ರಿ,” ಎಂದಳು. “ಮತ್ತೊಮ್ಮೆ ಹಾಡ್ರಿ.”

ಮತ್ತೊಮ್ಮೆ ಹಾಡಿದೆ. ಆಗ ಗೀ ಅಂದಳು.